ಬಿಪಿ ಮಾತ್ರೆ ಮತ್ತು ಹಿರಿಯರ ಹೊಟ್ಟೆ: ತೊಂದರೆಯ ಮೂಲವನ್ನು ಪತ್ತೆ ಹಚ್ಚುವ ಬಗೆ

ರಕ್ತದೊತ್ತಡ ಏರಿದ್ದರೂ ಸಾಮಾನ್ಯವಾಗಿ ಅದು ಮೈಗೆ ತಿಳಿಯುವುದಿಲ್ಲ. ಆದರೆ ಮೂರು ದಿನ ಮಲವಿಸರ್ಜನೆಯಾಗದಿದ್ದರೆ, ಅಥವಾ ಊಟದ ತಟ್ಟೆ ಕಂಡೊಡನೆ ವಾಕರಿಕೆ ಬಂದರೆ, ಅದನ್ನು ಮರೆತಿರಲು ಸಾಧ್ಯವೇ ಇಲ್ಲ. ಆದ್ದರಿಂದಲೇ ಎಷ್ಟೋ ಹಿರಿಯರು ಮಾತ್ರೆಯಿಂದ ಹೊಟ್ಟೆ ಕೆಟ್ಟಿತೆಂದು ಅನ್ನಿಸಿದಾಗ ಮನೆಯವರಿಗೂ ಹೇಳದೆ ಅದನ್ನು ಬಿಟ್ಟುಬಿಡುತ್ತಾರೆ. ಇದು ಒಂದು ತಪ್ಪು. ಇನ್ನೊಂದು ತಪ್ಪನ್ನು ಮಾಡುವವರು ಮನೆಯವರು: ಯಾವ ಮಾತ್ರೆಯಿಂದ ಹೀಗಾಯಿತೆಂದು ನೋಡದೆ, "ಗ್ಯಾಸ್ಟ್ರಿಕ್ ಆಗಿದೆ" ಎಂದು ಅದರ ಮೇಲೆ ಮತ್ತೊಂದು ಮಾತ್ರೆಯನ್ನು ಸೇರಿಸುವುದು. ಹಿರಿಯರಿಗೂ, ಅವರ ಮಾತ್ರೆಗಳ ಜವಾಬ್ದಾರಿ ಹೊತ್ತ ಮಕ್ಕಳು ಸೊಸೆಯಂದಿರಿಗೂ ಈ ಎರಡು ತಪ್ಪುಗಳ ನಡುವೆ ಇರುವ ಸರಿಯಾದ ದಾರಿಯನ್ನು ತೋರಿಸಬೇಕೆಂಬುದು ನನ್ನ ಉದ್ದೇಶ.

ನನ್ನ ಸೋದರತ್ತೆಗೆ ಆಗ 76 ವರ್ಷ. ಎರಡು ವಾರಗಳಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಇಡ್ಲಿ ತಿಂದು ತಟ್ಟೆ ಸರಿಸುತ್ತಿದ್ದರು. "ಬಾಯೆಲ್ಲ ಕಹಿ ಕಣೋ, ಏನು ತಿಂದರೂ ಹೊಟ್ಟೆ ತೊಳಸುತ್ತೆ" ಎನ್ನುತ್ತಿದ್ದರು. ನಾವೆಲ್ಲ ಸೇರಿ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿ, ಹೊಟ್ಟೆಯ ಹುಳಿ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಂದುಕೊಟ್ಟೆವು. ಹತ್ತು ದಿನ ಕಳೆದರೂ ವಾಕರಿಕೆ ಹೋಗಲಿಲ್ಲ. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದವರು ಐದು ನಿಮಿಷದಲ್ಲೇ ಮತ್ತೆ ಹೋಗಿ, ದೀಪ ಉರಿಯುತ್ತಿದ್ದಂತೆಯೇ ಅದರ ಮುಂದೆ ಕುಳಿತು ಬತ್ತಿ ಹೊಸೆಯತೊಡಗಿದರು. ಮರುದಿನದ ರಕ್ತ ಪರೀಕ್ಷೆಯಲ್ಲಿ, 135ರಿಂದ 145ರವರೆಗೆ ಇರಬೇಕಾದ ಸೋಡಿಯಂ 122ಕ್ಕೆ ಇಳಿದಿತ್ತು. ಒಂದು ತಿಂಗಳ ಹಿಂದಷ್ಟೇ ಅವರ ಬಿಪಿ ಮಾತ್ರೆ ಬದಲಾಗಿತ್ತು. ಹೊಸ ಮಾತ್ರೆಯ ಹೆಸರು ಹಳೆಯದರಂತೆಯೇ ಇದ್ದು ಕೊನೆಯಲ್ಲಿ ಎರಡೇ ಅಕ್ಷರ ಹೆಚ್ಚಿಗೆ ಇದ್ದವು. ಆ ಎರಡು ಅಕ್ಷರಗಳು ಕ್ಲೋರ್‌ಥಾಲಿಡೋನ್ ಎಂಬ ಮೂತ್ರ ಹೆಚ್ಚಿಸುವ ಔಷಧಿಯನ್ನು ಸೂಚಿಸುತ್ತಿದ್ದವು. ಅದು ದೇಹದ ಸೋಡಿಯಂ ಅನ್ನು ತಗ್ಗಿಸಿತ್ತು, ವಾಕರಿಕೆಯೂ ಮರೆವೂ ಅದರಿಂದಲೇ ಬಂದಿದ್ದವು. ಹೊಟ್ಟೆಯಲ್ಲಿ ಹುಳಿ ಹೆಚ್ಚಾದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಮೊದಲು ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂಭಾಗ ಓದಿ

ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಸಿರಪ್, ಚೂರ್ಣಗಳನ್ನು ಒಂದು ಮೇಜಿನ ಮೇಲೆ ಹರಡಿ, ಪ್ರತಿಯೊಂದರ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಮೂಲ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಂಪನಿ ಇಟ್ಟ ಹೆಸರಿನಿಂದ ಪ್ರಯೋಜನವಿಲ್ಲ. ನಮ್ಮಲ್ಲಿ ಎರಡು ಅಥವಾ ಮೂರು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವುದು ಬಹಳ ಹೆಚ್ಚು. ಟೆಲ್ಮಿಸಾರ್ಟನ್ ಎಂಬ ಬಿಪಿ ಔಷಧಿಯಿರುವ ಮಾತ್ರೆಯ ಹೆಸರಿನ ಕೊನೆಗೆ 'ಎಎಂ' ಎಂದಿದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್, 'ಎಚ್' ಎಂದಿದ್ದರೆ ಹೈಡ್ರೋಕ್ಲೋರೋಥಯಾಜೈಡ್, 'ಸಿಟಿ' ಎಂದಿದ್ದರೆ ಕ್ಲೋರ್‌ಥಾಲಿಡೋನ್ ಕೂಡಿರುತ್ತದೆ. "ನಾನು ಬಿಪಿಗೆ ಒಂದೇ ಮಾತ್ರೆ ತಗೊಳ್ಳೋದು" ಎನ್ನುವ ಹಿರಿಯರು ನಿಜವಾಗಿ ಮೂರು ಔಷಧಿಗಳನ್ನು ನುಂಗುತ್ತಿರಬಹುದು.

ಬಿಪಿಗೆ ಸಂಬಂಧಿಸದವನ್ನೂ ಬಿಡಬೇಡಿ. ಮಧುಮೇಹದ ಮೆಟ್‌ಫಾರ್ಮಿನ್ ಭೇದಿ ಮತ್ತು ಹೊಟ್ಟೆ ಉಬ್ಬರ ತರುವುದರಲ್ಲಿ ಹೆಸರಾದದ್ದು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಮಲಬದ್ಧತೆ ತರುತ್ತವೆ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುವುದಲ್ಲದೆ ರಕ್ತದೊತ್ತಡವನ್ನೂ ಏರಿಸುತ್ತವೆ. ಸಾರ್ಟನ್ ಅಥವಾ ಪ್ರಿಲ್ ಗುಂಪಿನ ಮಾತ್ರೆ (ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂತೆ ಹೆಸರು ಹಾಗೆ ಕೊನೆಗೊಳ್ಳುವ ಬಿಪಿ ಔಷಧಿಗಳು) ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡನ್ನೂ ತೆಗೆದುಕೊಳ್ಳುವವರು ಇವನ್ನೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಅಪಾಯವಿದೆ. ಈ ಹಾಳೆಯನ್ನು ಬರೆದು ಮುಗಿಸುವಷ್ಟರಲ್ಲೇ ಎಷ್ಟೋ ಸಲ ಉತ್ತರ ಸಿಕ್ಕಿಬಿಡುತ್ತದೆ.

ಯಾವುದು ಹೊಟ್ಟೆಯನ್ನು ಹೇಗೆ ಕಾಡುತ್ತದೆ

ಆಮ್ಲೋಡಿಪಿನ್, ನಿಫೆಡಿಪಿನ್, ಡಿಲ್ಟಿಯಾಜೆಮ್, ವೆರಪಾಮಿಲ್ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ರಕ್ತನಾಳದ ಗೋಡೆಯನ್ನು ಸಡಿಲಿಸುವುದು ಇವುಗಳ ಕೆಲಸ. ಆದರೆ ಕರುಳಿನ ಗೋಡೆಯಲ್ಲಿಯೂ ಅದೇ ಬಗೆಯ ಸ್ನಾಯುವಿದೆ, ಮಲವನ್ನು ಮುಂದಕ್ಕೆ ತಳ್ಳುವುದು ಅದೇ ಸ್ನಾಯು. ಅದೂ ಸಡಿಲಗೊಂಡರೆ ಮಲಬದ್ಧತೆ ಉಂಟಾಗುತ್ತದೆ. ಈ ಗುಂಪಿನಲ್ಲಿ ವೆರಪಾಮಿಲ್ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ, ಆಮ್ಲೋಡಿಪಿನ್ ಅಷ್ಟಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಬಿಗಿಯೂ ಇವುಗಳಿಂದ ಸಡಿಲವಾಗುವುದರಿಂದ, ರಾತ್ರಿ ಮಲಗಿದೊಡನೆ ಎದೆಯುರಿ, ಹುಳಿತೇಗು ಶುರುವಾಗಬಹುದು.

ಮೂತ್ರ ಹೆಚ್ಚಿಸುವ ಮಾತ್ರೆಗಳು, ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್, ಫ್ಯುರೋಸಮೈಡ್ ಮುಂತಾದವು, ದೇಹದ ನೀರನ್ನು ಹೊರಹಾಕುವುದರಿಂದ ಮಲವೂ ಒಣಗುತ್ತದೆ. ಜೊತೆಗೆ ಪೊಟ್ಯಾಸಿಯಂ ಇಳಿದರೆ ಕರುಳಿನ ಚಲನೆ ಮಂದವಾಗಿ ಹೊಟ್ಟೆ ಉಬ್ಬರಿಸುತ್ತದೆ, ಸೋಡಿಯಂ ಇಳಿದರೆ ವಾಕರಿಕೆ, ಊಟ ಸೇರದಿರುವುದು, ತಲೆ ಮಂಕಾಗುವುದು, ನಡೆಯುವಾಗ ತಡವರಿಸುವುದು ಕಾಣಿಸಿಕೊಳ್ಳುತ್ತವೆ. ಸೋಡಿಯಂ ಇಳಿಯುವ ಅಪಾಯ ವಯಸ್ಸಾದ, ತೆಳು ಮೈಕಟ್ಟಿನ ಹೆಂಗಸರಲ್ಲಿ ಹೆಚ್ಚು. ಇಲ್ಲಿ ಇನ್ನೊಂದು ಸುಳಿಯಿದೆ. ರಾತ್ರಿ ಪದೇಪದೇ ಏಳಬೇಕಾಗುತ್ತದೆಂಬ ಹೆದರಿಕೆಯಿಂದ ಹಿರಿಯರು ಮಧ್ಯಾಹ್ನದ ನಂತರ ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಗ ಮಲಬದ್ಧತೆ ಎರಡು ಪಟ್ಟಾಗುತ್ತದೆ. ಈ ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಂಡರೆ ಮೂತ್ರದ ಒತ್ತಡವೆಲ್ಲ ಹಗಲಿನಲ್ಲಿಯೇ ಬಹುಮಟ್ಟಿಗೆ ಮುಗಿಯುತ್ತದೆ. ಚೀಟಿಯಲ್ಲಿ ರಾತ್ರಿ ಎಂದು ಬರೆದಿದ್ದರೆ ವೈದ್ಯರನ್ನು ಕೇಳಿ ಬೆಳಗಿಗೆ ಬದಲಿಸಿಕೊಳ್ಳಬಹುದು.

ಸಾರ್ಟನ್ ಗುಂಪಿನ ಮಾತ್ರೆಗಳು ಹೊಟ್ಟೆಗೆ ಸಾಮಾನ್ಯವಾಗಿ ಹಗುರ, ಆದರೆ ಓಲ್ಮೆಸಾರ್ಟನ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅಪರೂಪಕ್ಕೆ ಕೆಲವರಲ್ಲಿ ಇದು ಸಣ್ಣ ಕರುಳಿನ ಒಳಪದರವನ್ನೇ ಸವೆಸಿ, ತಿಂಗಳುಗಟ್ಟಲೆ ನಿಲ್ಲದ ನೀರುಭೇದಿಯನ್ನೂ ತೂಕ ಇಳಿಕೆಯನ್ನೂ ತರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2012ರಲ್ಲಿ ಇಂಥ 22 ರೋಗಿಗಳ ವಿವರ ಪ್ರಕಟಿಸಿದರು. 2013ರ ಜುಲೈಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ನೀಡಿತು. ಸವೆದ ಕರುಳು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿರುವಂತೆಯೇ ಕಾಣುವುದರಿಂದ ಎಷ್ಟೋ ಮಂದಿ ಚಪಾತಿ ಬಿಟ್ಟರೂ ಗುಣ ಕಾಣದೆ ನರಳಿದ್ದಾರೆ. ಮಾತ್ರೆ ಶುರು ಮಾಡಿ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಕಳೆದ ಮೇಲೆ ಭೇದಿ ಆರಂಭವಾಗುವುದರಿಂದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ವೈದ್ಯರು ಬೇರೆ ಮಾತ್ರೆಗೆ ಬದಲಿಸಿದರೆ ಸಾಮಾನ್ಯವಾಗಿ ಇದು ಗುಣವಾಗುತ್ತದೆ.

ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದವು ಒಣಕೆಮ್ಮಿಗೆ ಹೆಸರಾಗಿದ್ದರೂ, ಬಹಳ ಅಪರೂಪವಾಗಿ ಕರುಳಿನ ಗೋಡೆ ಊದಿಕೊಂಡು ತೀವ್ರ ಹೊಟ್ಟೆನೋವು, ವಾಂತಿ ಬಂದುಹೋಗುತ್ತಿರುವುದೂ ಉಂಟು. ಅಟೆನೊಲಾಲ್, ಮೆಟೊಪ್ರೊಲಾಲ್ ಕೆಲವರಿಗೆ ವಾಕರಿಕೆ, ಸಡಿಲ ಮಲ ತರುತ್ತವೆ. ಕ್ಲೋನಿಡಿನ್ ಬಾಯಿ ಒಣಗಿಸಿ ಮಲಬದ್ಧತೆ ಮಾಡುತ್ತದೆ. ಆದರೆ ಈ ಕೊನೆಯ ಮೂರನ್ನು ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು. ಕ್ಲೋನಿಡಿನ್ ಥಟ್ಟನೆ ಬಿಟ್ಟರೆ ಒಂದೆರಡು ದಿನದಲ್ಲೇ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಚಿಮ್ಮಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಥಟ್ಟನೆ ಬಿಟ್ಟರೆ ಹೃದ್ರೋಗ ಇರುವವರಿಗೆ ಎದೆನೋವು, ಹೃದಯಾಘಾತ ಸಂಭವಿಸಬಹುದು. ಇವನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಎರಡು ವಾರದ ದಾಖಲೆ

ಒಂದು ನೋಟ್‌ಪುಸ್ತಕದಲ್ಲಿ ಎರಡು ವಾರ ಪ್ರತಿದಿನ ಹೀಗೆ ಬರೆಯಿರಿ: ಯಾವ ಮಾತ್ರೆ ಎಷ್ಟು ಗಂಟೆಗೆ, ತಿಂಡಿಗೆ ಮುಂಚೆಯೋ ನಂತರವೋ, ಏನು ಎಷ್ಟು ತಿಂದರು, ಮಲವಿಸರ್ಜನೆ ಆಯಿತೇ, ಗಟ್ಟಿಯೋ ಸಡಿಲವೋ, ವಾಕರಿಕೆ ಅಥವಾ ಎದೆಯುರಿ ಯಾವ ಹೊತ್ತಿಗೆ ಬಂತು, ಬಿಪಿ ಎಷ್ಟಿತ್ತು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಮಲವಿಸರ್ಜನೆಯಾಗುತ್ತಿದ್ದರೆ, ಅಥವಾ ದಿನವೂ ಆದರೂ ತಿಣುಕಬೇಕಾಗಿದ್ದರೆ, ಅದನ್ನು ಮಲಬದ್ಧತೆ ಎಂದೇ ತಿಳಿಯಬೇಕು. ವಾರಕ್ಕೊಮ್ಮೆ ತೂಕವನ್ನೂ ಬರೆದಿಡಿ.

ಬಿಪಿಯನ್ನು ಕುಳಿತಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡುವುದು ಒಳ್ಳೆಯದು. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಹೊಟ್ಟೆಯ ವಿಷಯದಲ್ಲಿ ಇದೇಕೆ ಎಂದು ಕೇಳಬಹುದು. ಭೇದಿಯಿಂದ ನೀರು ಕಳೆದುಕೊಂಡವರ ಒತ್ತಡ ನಿಂತೊಡನೆ ಕುಸಿಯುತ್ತದೆ, ಮತ್ತು ಮಲಬದ್ಧತೆಯಿಂದ ತಿಣುಕಿ ಎದ್ದವರು ಬಚ್ಚಲಲ್ಲೇ ತಲೆಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು. ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸಿ, ಒಳಗಿನಿಂದ ಚಿಲಕ ಹಾಕದಂತೆ ಹೇಳಿ.

ಹೊಸ ಮಾತ್ರೆ ಶುರುವಾದ, ಅಥವಾ ಪ್ರಮಾಣ ಹೆಚ್ಚಿದ ಕೆಲವೇ ವಾರಗಳಲ್ಲಿ ತೊಂದರೆ ಬಂದಿದ್ದರೆ ಆ ಮಾತ್ರೆಯ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಐದು ವರ್ಷದಿಂದ ಒಗ್ಗಿದ್ದ ಮಾತ್ರೆಯಾದರೆ ಬೇರೆ ಕಾರಣವನ್ನು ಮೊದಲು ಹುಡುಕಬೇಕು. ಮೇಲೆ ಹೇಳಿದ ಓಲ್ಮೆಸಾರ್ಟನ್ ಈ ಮಾತಿಗೆ ಹೊರತು.

ವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ

ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗುವುದು ಹಲವರ ಅಭ್ಯಾಸ. ಕುಳಿತು, ತುಂಬು ಲೋಟ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಊಟಕ್ಕೆ ಮುಂಚೆಯೂ ನಂತರವೂ ನಡೆಯುವುದರಿಂದ, ವಾಕರಿಕೆ ಬರುವವರು ತಿಂಡಿಯ ನಂತರ ತೆಗೆದುಕೊಂಡು ನೋಡಬಹುದು. ಮೆಟೊಪ್ರೊಲಾಲ್, ಮತ್ತು ಪೊಟ್ಯಾಸಿಯಂ ಇಳಿಸದ ಮೂತ್ರದ ಮಾತ್ರೆಯಾದ ಸ್ಪೈರೊನೊಲ್ಯಾಕ್ಟೋನ್ ಊಟದ ಜೊತೆಗೇ ಮೇಲು. 'ಎಕ್ಸ್‌ಎಲ್', 'ಇಆರ್', 'ಎಸ್‌ಆರ್', 'ರಿಟಾರ್ಡ್' ಎಂದು ಬರೆದ ಮಾತ್ರೆಗಳು ದಿನವಿಡೀ ನಿಧಾನವಾಗಿ ಕರಗಬೇಕಾದವು. ನುಂಗಲು ಕಷ್ಟವೆಂದು ಅವನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಹೀರುವಂಥದ್ದು, ಆದ್ದರಿಂದ ವಾರದ ಮಾತ್ರೆ ಡಬ್ಬಿಗೆ ಅದನ್ನು ಬಿಡಿಸಿ ಹಾಕದೆ, ಪಟ್ಟಿಯನ್ನೇ ಕತ್ತರಿಯಿಂದ ತುಂಡು ಮಾಡಿ ಇಡಿ.

ಮಲಬದ್ಧತೆಗೆ ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಸೀಬೆ, ಪಪ್ಪಾಯಿ ಒಳ್ಳೆಯವೇ. ಆದರೆ ನೀರು ಕುಡಿಯದೆ ನಾರು ಮಾತ್ರ ಹೆಚ್ಚಿಸಿದರೆ ಹೊಟ್ಟೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯಕ್ಕಾಗಿ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿದ್ದರೆ ಅದನ್ನು ಮೀರುವಂತಿಲ್ಲ. ಇಸಬ್‌ಗೋಲ್ ಹೊಟ್ಟನ್ನು ತುಂಬು ಲೋಟ ನೀರಿನಲ್ಲಿ ಕಲಸಿದೊಡನೆ ಕುಡಿಯಬೇಕು, ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆಯ ಅಂತರವಿರಲಿ. ನುಂಗುವಾಗ ಸಿಕ್ಕಿಕೊಳ್ಳುವವರಿಗೆ ಅದು ಬೇಡ. ಸೋನಾಮುಖಿ ಸೇರಿದ ಚೂರ್ಣಗಳನ್ನು ತಿಂಗಳುಗಟ್ಟಲೆ ಬಳಸಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರದ ಮಾತ್ರೆಯೂ ಅದನ್ನೇ ಮಾಡುವುದರಿಂದ ಇವೆರಡರ ಜೋಡಿ ಕೆಟ್ಟದ್ದು. ಬೆಳಗಿನ ತಿಂಡಿಯಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಅವಸರವಿಲ್ಲದೆ ಕುಳಿತುಕೊಳ್ಳುವುದು, ಕಮೋಡ್ ಬಳಸುವವರು ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಳ್ಳುವುದು ಎಷ್ಟೋ ಜನರಿಗೆ ನೆರವಾಗಿದೆ.

ಎದೆಯುರಿಗೆ ರಾತ್ರಿಯೂಟವನ್ನು ಮಲಗುವ ಮೂರು ಗಂಟೆ ಮುಂಚೆ ಮುಗಿಸಿ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಇಟ್ಟಿಗೆಯೋ ಮರದ ತುಂಡೋ ಇಡಿ. ಅಡುಗೆ ಸೋಡಾ ಅಥವಾ ನೀರಿಗೆ ಹಾಕಿದೊಡನೆ ಬುಸ್ಸೆಂದು ಉಕ್ಕುವ ಪುಡಿಗಳನ್ನು ಬಿಪಿ ಇರುವವರು ಅಭ್ಯಾಸ ಮಾಡಿಕೊಳ್ಳಬಾರದು. ಒಂದು ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಆದರೆ ಇಡೀ ದಿನಕ್ಕೆ ಸೋಡಿಯಂ 2,000 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟು ಕಷ್ಟಪಟ್ಟು ಉಳಿಸಿದ್ದನ್ನು ಒಂದು ಲೋಟ ಸೋಡಾ ಕಳೆದುಬಿಡುತ್ತದೆ. ಹೊಟ್ಟೆಯುರಿಗೆಂದು ಜ್ಯೇಷ್ಠಮಧುವನ್ನು ದಿನವೂ ಅಗಿಯುವುದೂ ಬೇಡ, ಅದು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುತ್ತದೆ.

ಭೇದಿ, ವಾಂತಿ ಬಂದ ದಿನ

ಸಾರ್ಟನ್, ಪ್ರಿಲ್ ಅಥವಾ ಮೂತ್ರದ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಒಂದು ದಿನದ ಜೋರು ಭೇದಿಯೂ ಸಣ್ಣ ವಿಷಯವಲ್ಲ. ನೀರು ಕಳೆದುಕೊಂಡ ದೇಹದಲ್ಲಿ ಇವೇ ಮಾತ್ರೆಗಳು ಒತ್ತಡವನ್ನು ಅತಿಯಾಗಿ ಇಳಿಸಿ ಮೂತ್ರಪಿಂಡದ ಕೆಲಸವನ್ನು ಕುಗ್ಗಿಸಬಹುದು. ಅಂದೇ ವೈದ್ಯರಿಗೆ ಫೋನ್ ಮಾಡಿ, ಇಂದು ಯಾವ ಮಾತ್ರೆ ಕೊಡಬೇಕು, ಯಾವುದನ್ನು ಎಷ್ಟು ದಿನ ತಡೆಯಬೇಕು ಎಂದು ಹೆಸರು ಹಿಡಿದು ಕೇಳಿ; ಮೆಟ್‌ಫಾರ್ಮಿನ್ ಕುರಿತೂ ಕೇಳಿ. ತಡೆದ ಮಾತ್ರೆಯನ್ನು ಮತ್ತೆ ಎಂದು ಶುರು ಮಾಡಬೇಕೆಂಬುದನ್ನು ಅದೇ ಫೋನಿನಲ್ಲಿ ಕೇಳಿಕೊಳ್ಳಿ, ಏಕೆಂದರೆ ಮರೆತುಹೋಗುವುದು ಅದೇ. ಮಾತ್ರೆ ನುಂಗಿದ ಮೇಲೆ ವಾಂತಿಯಾದರೆ ತಾವಾಗಿ ಇನ್ನೊಂದನ್ನು ನುಂಗಬಾರದು.

ಒಆರ್‌ಎಸ್ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವುದನ್ನೇ ತಂದು, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ 24 ಗಂಟೆಯೊಳಗೆ ಮುಗಿಸಬೇಕು. ಹೃದಯದ ದೌರ್ಬಲ್ಯ ಇರುವವರಿಗೆ ಎಷ್ಟು ಕುಡಿಸಬೇಕೆಂದು ಕೇಳಿಯೇ ಕೊಡಬೇಕು. ಭೇದಿಯಾದರೆ ಎಳನೀರು ಎನ್ನುವುದು ನಮ್ಮ ಕಡೆಯ ರೂಢಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಸಾರ್ಟನ್, ಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಮೂತ್ರಪಿಂಡ ಸೊರಗಿದವರಲ್ಲಿ ಇವೆರಡೂ ಸೇರಿದರೆ ಹೃದಯದ ಬಡಿತಕ್ಕೇ ತೊಡಕಾಗಬಹುದು. ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪಿಗೂ ಇದೇ ಮಾತು.

ಕಾಯಬಾರದ ಲಕ್ಷಣಗಳು

ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎದೆಯ ನಡುವೆ ಉರಿ, ಒತ್ತಡ ಬಂದು, ಅದರ ಜೊತೆಗೆ ತಣ್ಣನೆಯ ಬೆವರು, ಉಸಿರುಕಟ್ಟು, ದವಡೆ ಅಥವಾ ತೋಳಿಗೆ ಹರಿಯುವ ನೋವು, ಹಿಂದೆಂದೂ ಕಾಣದ ಸುಸ್ತು ಇವುಗಳಲ್ಲಿ ಯಾವುದಿದ್ದರೂ ಅದನ್ನು ಗ್ಯಾಸ್ಟ್ರಿಕ್ ಎಂದು ತಿಳಿಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ವಯಸ್ಸಾದವರಲ್ಲಿ, ಅದರಲ್ಲೂ ಮಧುಮೇಹ ಇರುವವರಲ್ಲಿ, ಹೃದಯಾಘಾತ ಎದೆನೋವೇ ಇಲ್ಲದೆ ಅಜೀರ್ಣದ ರೂಪದಲ್ಲಿ ಬರುವುದೂ ಉಂಟು. ಜೀರಿಗೆ ಕಷಾಯ ಕುಡಿಸಿ ಬೆಳಗಾಗಲಿ ಎಂದು ಕಾದ ಮನೆಗಳನ್ನು ನಾನು ಕಂಡಿದ್ದೇನೆ. ಆ ಸಂಕಟ ಯಾರಿಗೂ ಬರಬಾರದು.

ಡಾಂಬರಿನಂತೆ ಕಪ್ಪಾದ, ಅಂಟಂಟಾದ ಮಲ, ರಕ್ತ ಅಥವಾ ಕಾಫಿ ಗಸಿಯಂಥ ವಾಂತಿ, ಬೆನ್ನಿಗೆ ಹಾಯುವ ತೀವ್ರ ಹೊಟ್ಟೆನೋವು, ವಾಯುವೂ ಹೋಗದೆ ಹೊಟ್ಟೆ ಬಿಗಿದು ವಾಂತಿಯಾಗುವುದು, ತುಟಿ ನಾಲಿಗೆ ಊದಿಕೊಳ್ಳುವುದು, ಮೂತ್ರ ಬಹಳ ಕಡಿಮೆಯಾಗುವುದು, ಮಾತು ತೊದಲುವುದು, ದಿಕ್ಕುತಪ್ಪಿದಂತೆ ಆಡುವುದು, ಇವೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕಾದವು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ತೀರ್ಮಾನವನ್ನು ವೈದ್ಯರಿಗೆ ಬಿಡಿ.

ವೈದ್ಯರ ಮುಂದೆ

"ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ" ಎಂದಷ್ಟೇ ಹೇಳಿದರೆ ಹೊಟ್ಟೆಗೊಂದು ಮಾತ್ರೆ ಸಿಗುತ್ತದೆ. ಔಷಧಿಗಳ ಹಾಳೆಯನ್ನೂ ಎರಡು ವಾರದ ದಾಖಲೆಯನ್ನೂ ಮುಂದಿಟ್ಟು, "ಇಂಥ ದಿನ ಈ ಮಾತ್ರೆ ಬದಲಾಯಿತು, ಇಂಥ ದಿನದಿಂದ ಹೀಗಾಗುತ್ತಿದೆ, ಇದು ಮಾತ್ರೆಯಿಂದ ಇರಬಹುದೇ?" ಎಂದು ನೇರವಾಗಿ ಕೇಳಿ. ಸೋಡಿಯಂ, ಪೊಟ್ಯಾಸಿಯಂ, ಮತ್ತು ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಕಳೆದ ಸಲ ಎಂದು ಆಯಿತೆಂಬುದನ್ನೂ ಕೇಳಿ. ಮೂತ್ರದ ಮಾತ್ರೆ, ಸಾರ್ಟನ್ ಅಥವಾ ಪ್ರಿಲ್ ಹೊಸದಾಗಿ ಶುರುವಾದ ಕೆಲವು ವಾರಗಳಲ್ಲಿ ಇದನ್ನು ಮಾಡಿಸುವುದು ಅಗತ್ಯ. ಹಿಂದೆ ಯಾವಾಗಲೋ ಶುರುವಾದ ಪ್ಯಾಂಟೊಪ್ರಜೋಲ್ ಇನ್ನೂ ಬೇಕೇ ಎಂದು ವಿಚಾರಿಸುವುದೂ ನಿಮ್ಮ ಹಕ್ಕು, ಏಕೆಂದರೆ ವರ್ಷಗಟ್ಟಲೆ ಅದನ್ನು ತೆಗೆದುಕೊಂಡರೆ ಮೆಗ್ನೀಸಿಯಂ, ಬಿ12 ಇಳಿಯಬಹುದು. ಪ್ರಮಾಣ ತಗ್ಗಿಸುವುದು, ಹೊತ್ತು ಬದಲಿಸುವುದು, ಬೇರೆ ಗುಂಪಿನ ಮಾತ್ರೆ ಕೊಡುವುದು ಹೀಗೆ ವೈದ್ಯರಿಗೆ ಹಲವು ದಾರಿಗಳಿವೆ. ಅಡ್ಡಪರಿಣಾಮವೆಂದು ಖಚಿತವಾದರೆ ಭಾರತದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯ ಮನೆಯವರೇ ವರದಿ ಮಾಡಬಹುದು.

ಅತ್ತೆಯ ಮಾತ್ರೆ ಬದಲಾಗಿ, ವಾರದೊಳಗೆ ಸೋಡಿಯಂ ಏರಿ, ಅವರು ಮತ್ತೆ ಎರಡು ಇಡ್ಲಿಗೆ ಚಟ್ನಿ ಕೇಳತೊಡಗಿದರು. ಆದರೆ ಅವರ ದಿಂಬಿನ ಪಕ್ಕದ ಡಬ್ಬಿಯಲ್ಲಿ ಹಳೆಯ ಮಾತ್ರೆಯ ಏಳು ಗುಳಿಗೆಗಳ ಪಟ್ಟಿ ಇನ್ನೂ ಇತ್ತು, ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದೇಕೆಂದು ಅವರೇ ತೆಗೆದಿಟ್ಟಿದ್ದರು. ಮಾತ್ರೆ ಬದಲಾದ ದಿನವೇ ಹಳೆಯ ಪಟ್ಟಿಯನ್ನು ಮನೆಯಿಂದ ಹೊರಗೆ ಕಳಿಸಿ, ಹೊಸ ಮಾತ್ರೆಯ ಹೆಸರನ್ನು ಹಾಳೆಯಲ್ಲಿ ತಿದ್ದಿ ಬರೆದು, ಮುಂದಿನ ನಾಲ್ಕು ವಾರ ಬಿಪಿಯನ್ನು ನೋಡುತ್ತಿರಿ.